ಬಂದ ತಾರೀಖು

ಹೋದ ಸಂಚಿಕೆಯಲ್ಲಿ ಬಾರಾನಗರದ ಗಂಗಾ ಘಾಟುಗಳ ಬಗ್ಗೆ ಬರೆದದ್ದನ್ನು ಓದಿ ಡಬ್ಲಿನ್‌ನಲ್ಲಿರುವ ಓದುಗರೊಬ್ಬರು ಫೋನ್ ಮಾಡಿದ್ದರು. ಘಾಟಿನ ವಿಷಯ ಎರಡೇ ನಿಮಿಷದಲ್ಲಿ ಮುಗಿಯಿತು. ಆಮೇಲೆ ಮಾತೆಲ್ಲ ಅಲ್ಲಿಯ ಮನೆ ಬಾಡಿಗೆಯ ಬಗ್ಗೆ, ಆಸ್ಪತ್ರೆಯ ಸರದಿಯ ಬಗ್ಗೆ, ಬಸ್ಸಿನಲ್ಲಿ ಯಾರೋ "ನಿಮ್ಮ ದೇಶಕ್ಕೆ ಹೋಗಿ" ಎಂದದ್ದರ ಬಗ್ಗೆ. "ಚಿಕ್ಕ ದೇಶ ರೀ ಇದು. ಒಮ್ಮೊಮ್ಮೆ ಇಲ್ಲಿಯವರು ಹೇಳೋದರಲ್ಲೂ ತಪ್ಪಿಲ್ಲ ಅನ್ನಿಸುತ್ತೆ. ಎಷ್ಟು ಜನರನ್ನಂತ ತಾಳಿಕೊಳ್ಳುತ್ತೆ ಹೇಳಿ?" ಎಂದರು.

ಚಿಕ್ಕ ದೇಶವೇ, ನಿಜ. 2022ರ ಜನಗಣತಿಯಲ್ಲಿ ಐರ್ಲೆಂಡಿನ ಜನಸಂಖ್ಯೆ 51 ಲಕ್ಷ ದಾಟಿತು, ಅದರಲ್ಲಿ ಐದರಲ್ಲೊಬ್ಬರು ಹೊರಗೆ ಹುಟ್ಟಿದವರು. ಆದರೆ ಅದೇ ನೆಲದಲ್ಲಿ 1841ರಲ್ಲಿ 65 ಲಕ್ಷ ಜನರಿದ್ದರು. ಆಲೂಗಡ್ಡೆ ಬರಗಾಲ ಬಂತು, ಸತ್ತವರು ಸತ್ತರು, ಉಳಿದವರು ಹಡಗು ಹತ್ತಿದರು. 1961ರ ಹೊತ್ತಿಗೆ ಉಳಿದದ್ದು 28 ಲಕ್ಷ. ನೂರು ವರ್ಷ ಜನರನ್ನು ಹೊರಗೆ ಕಳಿಸಿದ ದೇಶ ಈಗ ಜನ ಬರುತ್ತಿದ್ದಾರೆಂದು ಗಾಬರಿಯಾಗಿದೆ.

ಅವರಿಗೆ ಫೋನಿನಲ್ಲಿ ಕೊಟ್ಟದ್ದು ಹಾರಿಕೆಯ ಉತ್ತರ. ಈ ಅಂಕಣದಲ್ಲಿ ಸರಿಯಾಗಿ ಕೊಡುತ್ತೇನೆ, ಆದರೆ ನನ್ನೂರನ್ನು ಇಟ್ಟುಕೊಂಡು. ಬಾರಾನಗರ ದೇಶವಲ್ಲ, ಕೋಲ್ಕತ್ತಾದ ಉತ್ತರಕ್ಕೆ ಅಂಟಿಕೊಂಡ ಒಂದು ಪುರಸಭೆ. ಏಳು ಚದರ ಕಿಲೋಮೀಟರಿಗೆ ತುಸು ಹೆಚ್ಚು ಜಾಗ, 2011ರ ಗಣತಿಯಂತೆ 2 ಲಕ್ಷ 45 ಸಾವಿರ ಜನ. ಎದುರು ಮನೆಯವರು ಒಗ್ಗರಣೆಗೆ ಏನು ಹಾಕಿದರೆಂದು ನನಗೂ, ನನ್ನ ಮನೆಯಲ್ಲಿ ಇಂಗು ಸಿಡಿದದ್ದು ಅವರಿಗೂ ಗೊತ್ತಾಗುವಷ್ಟು ಹತ್ತಿರ. ಇವರಲ್ಲಿ ಹೆಚ್ಚಿನವರ ತಾತನೋ ಮುತ್ತಾತನೋ ಎಲ್ಲಿಂದಲೋ ಬಂದವರೇ.

ಮೊದಲು ಬಂದವರು ಕರೆಸಿಕೊಂಡು ಬಂದವರು. ಹದಿನೇಳನೇ ಶತಮಾನದಲ್ಲಿ ಡಚ್ಚರ ಕೋಠಿ ಇಲ್ಲಿತ್ತು. ಹಡಗಿಗೆ ಹಂದಿಮಾಂಸವನ್ನು ಉಪ್ಪು ಹಾಕಿ ತುಂಬುತ್ತಿದ್ದರು. ಕುಠಿ ಘಾಟ್ ಎಂಬ ಹೆಸರು ಆ ಕಾಲದ್ದೇ. ಅದು ಸಣ್ಣ ಕಥೆ. ದೊಡ್ಡ ಕಥೆ ಶುರುವಾಗುವುದು 1859ರಲ್ಲಿ, ಬೋರ್ನಿಯೋ ಕಂಪನಿ ಇಲ್ಲಿ ಯಂತ್ರದ ಮಗ್ಗಗಳಿರುವ ಸೆಣಬಿನ ಗಿರಣಿ ಹಾಕಿದಾಗ. ಬಂಗಾಳದಲ್ಲಿ ಅದೇ ಮೊದಲು. ಗಿರಣಿಗೆ ಇಲ್ಲಿಯ ಜನ 'ಚಟಕಲ್' ಅನ್ನುತ್ತಾರೆ. ಹೂಗ್ಲಿ ದಂಡೆಯ ಚಟಕಲ್‌ಗಳ ಮೇಲ್ವಿಚಾರಕರು ಹೆಚ್ಚಾಗಿ ಸ್ಕಾಟ್ಲೆಂಡಿನ ಡಂಡೀ ಊರಿನವರು. ಡಬ್ಲಿನ್ ಗೆಳೆಯರಿಗೆ ಇದನ್ನು ಹೇಳಲೇಬೇಕು: ಆ ಡಂಡೀಯ ಗಿರಣಿಗಳನ್ನು ತುಂಬಿದವರಲ್ಲಿ ಐರ್ಲೆಂಡಿನಿಂದ ಹೊಟ್ಟೆಪಾಡಿಗೆ ಬಂದವರು ಬಹಳ. ಅವರು ನೆಲೆಸಿದ ಲಾಕೀ ಎಂಬ ಭಾಗಕ್ಕೆ 'ಲಿಟ್ಲ್ ಟಿಪ್ಪರೆರಿ' ಎಂದೇ ಅಡ್ಡಹೆಸರು ಬಿದ್ದಿತ್ತು.

ಗಿರಣಿಯಲ್ಲಿ ಮೊದಮೊದಲು ದುಡಿದವರು ಸುತ್ತಲಿನ ಬಂಗಾಳಿಗಳು. 1906ರಲ್ಲಿ ಬಿ. ಫೋಲಿ ಎಂಬ ಅಧಿಕಾರಿ ಬಂಗಾಳದ ಕಾರ್ಮಿಕರ ಬಗ್ಗೆ ವರದಿ ಬರೆಯುವ ಹೊತ್ತಿಗೆ ಹೆಚ್ಚಿನ ಗಿರಣಿಗಳಲ್ಲಿ ಮೂರರಲ್ಲಿ ಎರಡು ಪಾಲು ಬಿಹಾರ ಮತ್ತು ಉತ್ತರ ಪ್ರದೇಶದ ಕಡೆಯವರಾಗಿದ್ದರು. ಒರಿಯಾದವರೂ ಗಂಜಾಂ, ವಿಶಾಖಪಟ್ಟಣದ ತೆಲುಗರೂ ಇದ್ದರು. ಸರ್ದಾರನೊಬ್ಬ ಊರಿಗೆ ಹೋಗಿ ತನ್ನವರನ್ನು ಕರೆತರುತ್ತಿದ್ದ. ಕೆಲಸ ಕೊಡಿಸಿದ್ದಕ್ಕೆ ಕಮಿಷನ್, ಕೋಣೆ ಕೊಡಿಸಿದ್ದಕ್ಕೆ ಇನ್ನೊಂದು ಕಮಿಷನ್. ನಮ್ಮ ಕಾಲದ ಕನ್ಸಲ್ಟೆನ್ಸಿಗಳು ಹೊಸದಾಗಿ ಕಂಡುಹಿಡಿದದ್ದು ಏನೂ ಇಲ್ಲ.

ಇದೇ ಊರಿನ ಬಿ.ಟಿ. ರಸ್ತೆಯಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆಯಿದೆ. ಮಹಾಲನೋಬಿಸರು 1931ರಲ್ಲಿ ಕಟ್ಟಿದ್ದು. ನಮ್ಮ ಹೂವಿನಹಡಗಲಿಯಲ್ಲಿ ಹುಟ್ಟಿದ ತೆಲುಗು ಮನೆತನದ ಸಿ.ಆರ್. ರಾವ್ ಕೆಲಸ ಹುಡುಕುತ್ತಾ ಕೋಲ್ಕತ್ತಾಕ್ಕೆ ಬಂದು 1941ರಲ್ಲಿ ಸಂಸ್ಥೆ ಸೇರಿ, ಜಗತ್ತೇ ಬಲ್ಲ ಸಂಖ್ಯಾಶಾಸ್ತ್ರಜ್ಞರಾದರು. ಅವರನ್ನು ಯಾರೂ ವಲಸಿಗ ಅನ್ನಲಿಲ್ಲ. 2008ರಲ್ಲಿ ವರ್ಗಾವಣೆ ಪತ್ರ ಹಿಡಿದು ಬಂದ ನನ್ನನ್ನೂ ಅನ್ನುವುದಿಲ್ಲ. ನಾನು 'ಸೌತ್‌ನ ಸಾರ್'. ಗಿರಣಿಯ ಲೈನ್ ಮನೆಯಲ್ಲಿ ನಾಲ್ಕನೇ ತಲೆಮಾರಿನಿಂದ ಇರುವವನು ಮಾತ್ರ ಇವತ್ತಿಗೂ 'ಬಿಹಾರಿ'.

ಕರೆಸಿಕೊಂಡವರ ಮಾತು ಇಷ್ಟು. ಓಡಿಸಲ್ಪಟ್ಟವರದು ಬೇರೆ.

1947ರಲ್ಲಿ ಗೆರೆ ಎಳೆದಾಗ ಗಿರಣಿಗಳು ಇಲ್ಲಿ ಉಳಿದವು, ಸೆಣಬಿನ ಹೊಲಗಳಲ್ಲಿ ಬಹುಪಾಲು ಪೂರ್ವ ಪಾಕಿಸ್ತಾನಕ್ಕೆ ಹೋದವು. ಆಮೇಲೆ ಜನ ಬರತೊಡಗಿದರು. ಪಂಜಾಬಿನಂತೆ ಒಂದೇ ಸಲಕ್ಕೆ ಅಲ್ಲ. ಅಲೆ ಅಲೆಯಾಗಿ, ಇಪ್ಪತ್ತನಾಲ್ಕು ವರ್ಷ. ಮೊದಲು ಬಂದವರು ಓದಿದವರು, ಭೂಮಿ ಕಾಣಿ ಇದ್ದವರು, ಇಲ್ಲಿ ನೆಂಟರಿದ್ದವರು. 1948ರ ಜೂನ್ ಹೊತ್ತಿಗೆ ಬಂದ ಸುಮಾರು 11 ಲಕ್ಷ ಜನರಲ್ಲಿ ರೈತರು ಒಂದು ಲಕ್ಷದ ಆಸುಪಾಸು ಅಷ್ಟೇ. ಓಡಿಹೋಗಲಿಕ್ಕೂ ಕೈಯಲ್ಲಿ ಕಾಸು ಬೇಕು. 1950ರಲ್ಲಿ ಬರಿಸಾಲ್, ಖುಲ್ನಾ ಕಡೆ ಗಲಭೆಯಾದ ಮೇಲೆ ಬಡ ರೈತರು, ಮೀನುಗಾರರು ಎದ್ದು ಬಂದರು. 1952ರ ಅಕ್ಟೋಬರಿನಲ್ಲಿ ಪಾಸ್‌ಪೋರ್ಟ್ ಜಾರಿಯಾಗುತ್ತದೆಂದು ಸುದ್ದಿ ಹಬ್ಬಿದಾಗ, ಬಾಗಿಲು ಮುಚ್ಚುವ ಮುಂಚೆ ದಾಟಿಬಿಡೋಣ ಎಂದು ಇನ್ನಷ್ಟು ಜನ. ತಡೆಯಲಿಕ್ಕೆ ಮಾಡಿದ ಕಾನೂನೇ ಜನರನ್ನು ಎಬ್ಬಿಸಿತು. ಈ ಪತ್ರಿಕೆಯ ಓದುಗರಲ್ಲಿ ವೀಸಾ ನಿಯಮ ಬದಲಾಗುವ ಮುಂಚೆ ಹೆಂಡತಿ ಮಕ್ಕಳನ್ನು ಅವಸರದಲ್ಲಿ ಕರೆಸಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

1951ರ ಗಣತಿಯಲ್ಲಿ ಪಶ್ಚಿಮ ಬಂಗಾಳದ ನಿರಾಶ್ರಿತರು ಸುಮಾರು 21 ಲಕ್ಷ. ಇಲ್ಲಿಯ ಮಾತಿನಲ್ಲಿ 'ಉದ್ಬಾಸ್ತು', ಅಂದರೆ ವಾಸ್ತು ಕಳೆದುಕೊಂಡವರು. ಇವರು ವಾಪಸು ಹೋಗುತ್ತಾರೆ ಎಂದೇ ಸರಕಾರ ಬಹಳ ದಿನ ನಂಬಿಕೊಂಡಿತ್ತು. ಹೋಗಲಿಲ್ಲ. ಖಾಲಿ ಜಮೀನು, ಜವುಗು, ಜಮೀನ್ದಾರರ ತೋಟದ ಮನೆ ಎಲ್ಲಿ ಕಂಡರೂ ರಾತ್ರೋರಾತ್ರಿ ಬಿದಿರು ನೆಟ್ಟು, ಹೋಗ್ಲಾ ಹುಲ್ಲಿನ ಚಾಪೆ ಕಟ್ಟಿ, ಬೆಳಗಾಗುವುದರೊಳಗೆ ಕಾಲೊನಿ ಮಾಡಿದರು. ಪೊಲೀಸರು ಕಿತ್ತರೆ ಮರುರಾತ್ರಿ ಮತ್ತೆ. 'ಜಬರ್‌ದಖಲ್' ಕಾಲೊನಿ ಎಂದೇ ಹೆಸರು. ನೇತಾಜಿ, ಆಜಾದ್ ಎಂದು ದೊಡ್ಡವರ ಹೆಸರಿಟ್ಟರೆ ಕೀಳುವವನ ಕೈ ಒಂದು ಗಳಿಗೆ ತಡೆದೀತು ಎಂಬ ಲೆಕ್ಕ ಇದ್ದಿರಬಹುದು.

ನಮ್ಮ ಮನೆಯ ಒಡತಿಗೆ ಈಗ ಎಂಬತ್ತು. ನಾನು ಮಾಶಿಮಾ ಎನ್ನುತ್ತೇನೆ, ಅವರು ನನ್ನನ್ನು ಬಾಬಾ ಎನ್ನುತ್ತಾರೆ. ಐದು ವರ್ಷದವರಿದ್ದಾಗ, 1950ರಲ್ಲಿ, ಬರಿಸಾಲಿನಿಂದ ಬಂದವರು. ಮೊದಲು ಸಿಯಾಲ್ದಾ ಸ್ಟೇಷನ್ನಿನ ಪ್ಲಾಟ್‌ಫಾರ್ಮ್, ಆಮೇಲೆ ಇಲ್ಲಿಯ ಚಾಪೆ ಗೋಡೆಯ ಮನೆ. ಅವರಕ್ಕ ಮ್ಯಾಟ್ರಿಕ್ ಮುಗಿಸಿದ್ದೇ ಟೆಲಿಫೋನ್ ಕಚೇರಿಗೆ ಸೇರಿದಳಂತೆ. "ಊರಲ್ಲಿದ್ದಿದ್ದರೆ ಅಂಗಳ ದಾಟಲಿಕ್ಕೂ ಅಪ್ಪ ಬಿಡುತ್ತಿರಲಿಲ್ಲ ಬಾಬಾ. ಇಲ್ಲಿ ಅಕ್ಕನ ಸಂಬಳದ ದಿನ ಅಪ್ಪನೇ ಟ್ರಾಮ್ ಸ್ಟಾಪಿಗೆ ಹೋಗಿ ಕಾಯುತ್ತಿದ್ದ." ಕೋಲ್ಕತ್ತಾದ ಮಧ್ಯಮವರ್ಗದ ಹೆಣ್ಣುಮಕ್ಕಳು ಸಾವಿರಗಟ್ಟಲೆ ಕಚೇರಿ, ಶಾಲೆಗಳಿಗೆ ಹೊರಟದ್ದು ಈ ಕಾಲದಲ್ಲಿ, ಅದರಲ್ಲಿ ನಿರಾಶ್ರಿತ ಮನೆಗಳ ಪಾಲು ದೊಡ್ಡದು. ಘಟಕರ 'ಮೇಘೆ ಢಾಕಾ ತಾರಾ', ರಾಯ್ ಅವರ 'ಮಹಾನಗರ' ನೋಡಿದವರಿಗೆ ಆ ಅಕ್ಕಂದಿರ ಮುಖ ಗೊತ್ತು.

ಒಳ್ಳೆಯದಾಯಿತು ಎಂದು ಬರೆದು ಮುಗಿಸುವುದು ಸುಲಭ. ಆದರೆ ಬೆಲೆ ತೆತ್ತವರೂ ಇದ್ದಾರೆ. 1950ರ ಗಲಭೆ ಎರಡೂ ಕಡೆ ನಡೆಯಿತು. ಕೋಲ್ಕತ್ತಾ, ಹಾವ್ಡಾ ಸುತ್ತಿನ ಮುಸ್ಲಿಮರು, ಗಿರಣಿಯಲ್ಲಿ ದುಡಿಯುತ್ತಿದ್ದವರೂ ಸೇರಿ, ಮನೆ ಬಿಟ್ಟು ಓಡಿದರು. ಅವರು ಬಿಟ್ಟ ಎಷ್ಟೋ ಮನೆಗಳಲ್ಲಿ ನಿರಾಶ್ರಿತರು ಒಲೆ ಹಚ್ಚಿದರು. ಕೂಲಿಯ ಪೈಪೋಟಿ, ನಲ್ಲಿಯ ಮುಂದಿನ ಜಗಳ, ಬಾಡಿಗೆ ಏರಿದ್ದು ಇವೆಲ್ಲ ತಟ್ಟಿದ್ದು ತೋಟದ ಮನೆಯ ಜಮೀನ್ದಾರನಿಗೆ ಅಲ್ಲ, ಒಂದು ತಲೆಮಾರು ಮುಂಚೆ ಬಂದು ಪಕ್ಕದಲ್ಲಿ ವಾಸವಿದ್ದ ಬಡವನಿಗೆ. ಡಬ್ಲಿನ್ ಗೆಳೆಯರ ಪ್ರಶ್ನೆಗೆ ನನ್ನ ಉತ್ತರದ ಅರ್ಧ ಇಲ್ಲಿದೆ. ಊರು ತಾಳಿಕೊಳ್ಳುತ್ತದೆ. ಭಾರ ಯಾರ ಹೆಗಲ ಮೇಲೆ ಬೀಳುತ್ತದೆ ಎಂಬುದು ಬೇರೆ ಪ್ರಶ್ನೆ. ಅದನ್ನು ಕೇಳಿದರೆ ಬೈಗುಳ ಬಸ್ಸಿನಲ್ಲಿ ಕೂತವನಿಗೆ ಬೀಳದೆ ಮನೆ ಕಟ್ಟದೇ ಇದ್ದವರಿಗೆ ಬೀಳಬೇಕು.

ಉತ್ತರದ ಇನ್ನರ್ಧ ತಾರೀಖಿಗೆ ಸಂಬಂಧಿಸಿದ್ದು. ಜನ ಬಂದ ಕಾರಣ 1950ರಲ್ಲೂ 1964ರಲ್ಲೂ ಒಂದೇ, ಭಯ. ಆದರೆ ಸರಕಾರದ ಪುಸ್ತಕದಲ್ಲಿ 1958ರ ಮಾರ್ಚ್ 31ರೊಳಗೆ ಬಂದವರು 'ಹಳೆಯ ವಲಸಿಗರು', ಅವರಿಗೆ ಪುನರ್ವಸತಿ ಉಂಟು. ಅಲ್ಲಿಂದ 1963ರ ಕೊನೆಯವರೆಗೆ ಬಂದವರಿಗೆ ಏನೂ ಇಲ್ಲ. 1964ರ ಜನವರಿಯಿಂದ 1971ರ ಮಾರ್ಚ್ 25ರವರೆಗೆ ಬಂದವರು 'ಹೊಸ ವಲಸಿಗರು'. ಪಶ್ಚಿಮ ಬಂಗಾಳ ಬಿಟ್ಟು ಹೊರಗೆ ಹೋಗಿ ನೆಲೆಸಲು ಒಪ್ಪಿದರೆ ಮಾತ್ರ ನೆರವು. ಆಮೇಲೆ ಬಂದವರು ವಾಪಸು ಹೋಗತಕ್ಕವರು. ಅಮೆರಿಕದ ಗ್ರೀನ್ ಕಾರ್ಡಿಗೆ ಕಾಯುತ್ತಾ 'ಪ್ರಯಾರಿಟಿ ಡೇಟ್' ಜಪ ಮಾಡುವ ನಮ್ಮ ಕನ್ನಡಿಗರು ಇದನ್ನು ಓದಿ ನಕ್ಕರೆ ಅದು ಅನುಭವದ ನಗು.

ಆ 'ಹೊರಗೆ' ಎಂಬುದರಲ್ಲಿ ದಂಡಕಾರಣ್ಯವಿತ್ತು, ನಮ್ಮ ರಾಯಚೂರು ಜಿಲ್ಲೆಯ ಸಿಂಧನೂರೂ ಇತ್ತು. ನಾನು ಆ ಕಡೆಯವನು. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಆಂಧ್ರದಿಂದ ಬಂದ ರೈತರ ಕ್ಯಾಂಪುಗಳು ನಮಗೆ ಹೊಸದಲ್ಲ. ಆದರೆ ಸಿಂಧನೂರು ಸಂತೆಯಲ್ಲಿ ಕನ್ನಡವೂ ಅಲ್ಲದ, ತೆಲುಗೂ ಅಲ್ಲದ ಒಂದು ಮಾತು ಕೇಳುತ್ತಿತ್ತು. "ಅವ್ರು ಆರ್.ಎಚ್. ಕ್ಯಾಂಪಿನ ಮಂದಿ, ಯುದ್ಧಕ್ಕ ಊರು ಬಿಟ್ಟು ಬಂದವ್ರು" ಎನ್ನುತ್ತಿದ್ದರು ಅಪ್ಪ. ಆ ಮಾತು ಬಂಗಾಳಿ ಎಂದು ಗೊತ್ತಾಗಲು ನಾನು ಬಾರಾನಗರಕ್ಕೆ ಬರಬೇಕಾಯಿತು. ನೀರು, ಕೆಸರು, ಮೀನಿನ ನಡುವೆ ಬೆಳೆದವರನ್ನು ತಂದು ಎರೆಮಣ್ಣಿನ ಬಿಸಿಲಿನಲ್ಲಿ ಇಳಿಸಿದ್ದರು. ಅವರು ಅಲ್ಲೂ ಭತ್ತ ಬೆಳೆದರು, ಅವರ ಮಕ್ಕಳು ನಮ್ಮ ಶಾಲೆಗಳಲ್ಲಿ ಕನ್ನಡ ಕಲಿತರು. 2019ರ ಪೌರತ್ವ ತಿದ್ದುಪಡಿ ಕಾಯ್ದೆಯ ನಿಯಮಗಳು 2024ರ ಮಾರ್ಚಿನಲ್ಲಿ ಬಂದ ಮೇಲೆ ಅದೇ ಕ್ಯಾಂಪಿನ ಕೆಲವರಿಗೆ ಪೌರತ್ವದ ಪತ್ರ ಸಿಕ್ಕಿತು. ಅಲ್ಲಿ ಮುದುಕರಾದ ಮೇಲೆ.

ಈಗ ಮತ್ತೊಂದು ತಾರೀಖು ಬಂದಿದೆ. 2025ರ ನವೆಂಬರ್ 4ರಿಂದ ಪಶ್ಚಿಮ ಬಂಗಾಳದಲ್ಲಿ ಮತದಾರರ ಪಟ್ಟಿಯ ವಿಶೇಷ ಪರಿಷ್ಕರಣೆ ಶುರುವಾಯಿತು. ಮನೆಮನೆಗೆ ಬಂದ ಫಾರ್ಮಿನಲ್ಲಿ ಮುಖ್ಯ ಪ್ರಶ್ನೆ: 2002ರ ಪಟ್ಟಿಯಲ್ಲಿ ನಿಮ್ಮ ಅಥವಾ ತಂದೆತಾಯಿಯ ಹೆಸರಿದೆಯೇ? ಚಹದ ಅಂಗಡಿಯಲ್ಲಿ ಫುಟ್‌ಬಾಲ್ ಮಾತು ನಿಂತು ಇದೇ ಮಾತಾಯಿತು. ನನ್ನ ತಂಗಿ ನಮ್ಮೂರಿನ ಹಳೆಯ ಪಟ್ಟಿಯಲ್ಲಿ ಅಪ್ಪನ ಹೆಸರು ಹುಡುಕಿ ವಾಟ್ಸಾಪ್ ಮಾಡಿದಳು, ಎರಡು ದಿನದಲ್ಲಿ ನನ್ನ ಕೆಲಸ ಮುಗಿಯಿತು. ಮಾಶಿಮಾ ಹೆಸರೂ ಇತ್ತು. ಡಿಸೆಂಬರ್ 16ರಂದು ಬಂದ ಕರಡು ಪಟ್ಟಿಯಲ್ಲಿ ರಾಜ್ಯದಲ್ಲಿ ಬಿಟ್ಟುಹೋದ ಹೆಸರುಗಳು 58 ಲಕ್ಷ. ಸತ್ತವರು, ಊರು ಬಿಟ್ಟವರು, ಎರಡು ಕಡೆ ಇದ್ದವರು ಎಂದು ಕಾರಣ ಬರೆದಿದ್ದಾರೆ. ಅಂಥವರು ಪಟ್ಟಿಯಲ್ಲಿ ಇರಬಾರದು, ಒಪ್ಪಿದೆ.

ನಮ್ಮ ಕೇರಿಯ ನಾಲ್ಕು ಮನೆಗೆ ಅಡುಗೆ ಮಾಡುವ ಮಾಶಿ ಈ ಯಾವ ಲೆಕ್ಕದಲ್ಲೂ ಬರುವುದಿಲ್ಲ. ಹನ್ನೆರಡು ವರ್ಷದವರಿದ್ದಾಗ, ತೊಂಬತ್ತರ ದಶಕದಲ್ಲಿ, ಖುಲ್ನಾ ಕಡೆಯಿಂದ ಚಿಕ್ಕಪ್ಪನ ಜೊತೆ ಬಂದವರು. ಕಾರಣ ಮಾಶಿಮಾ ಅವರದ್ದೇ. ನಲವತ್ತೈದು ವರ್ಷ ತಡ, ಅಷ್ಟೇ. ಮತದಾರರ ಚೀಟಿ ಇದೆ, ಹಲವು ಸಲ ಮತ ಹಾಕಿದ್ದಾರೆ. ಕರಡಿನಲ್ಲಿ ಹೆಸರಿದೆ, ಆದರೆ 2002ರ ಪಟ್ಟಿಗೆ ಕೊಂಡಿ ಕೂಡಿಲ್ಲ, ಹಾಗಾಗಿ ವಿಚಾರಣೆಗೆ ಬರಬೇಕೆಂದು ನೋಟಿಸ್. ಜನನ ಪತ್ರ ಇಲ್ಲ, ಶಾಲೆಯ ಪತ್ರ ಇಲ್ಲ. ಹೊಸ ಕಾಯ್ದೆಯಲ್ಲಿ ಅರ್ಜಿ ಹಾಕಿ ಎಂದು ಕೆಲವರ ಸಲಹೆ. ಹಾಕಿದರೆ, ಇಷ್ಟು ದಿನ ಈ ದೇಶದವಳಾಗಿರಲಿಲ್ಲ ಎಂದು ತಾವೇ ಬರೆದುಕೊಟ್ಟಂತೆ. ಅವರ ಮಗಳು ಇಲ್ಲೇ ಹುಟ್ಟಿ ಈ ವರ್ಷ ಮಾಧ್ಯಮಿಕ ಪರೀಕ್ಷೆ ಬರೆಯುತ್ತಿದ್ದಾಳೆ. ಅಮ್ಮ ಹಾಗೆ ಬರೆದುಕೊಟ್ಟರೆ ನನ್ನದೇನಾಗುತ್ತದೆ ಎಂದು ಅವಳು ಕೇಳಿದ್ದಕ್ಕೆ ಕೇರಿಯ ವಕೀಲರು ಸುತ್ತಿಬಳಸಿ ಉತ್ತರ ಕೊಟ್ಟರು.

ವಿಚಾರಣೆ ಬರುವ ಗುರುವಾರ. ರಜೆ ಹಾಕಿ ಜೊತೆಗೆ ಬರುತ್ತೇನೆ ಎಂದಿದ್ದೇನೆ; ಮಾಶಿಮಾ ತಾವೂ ಬರುತ್ತೇನೆಂದು ಹಟ ಹಿಡಿದಿದ್ದಾರೆ, ಇ-ರಿಕ್ಷಾ ಹೇಳಿಯಾಗಿದೆ. ಅಡುಗೆಯ ಮಾಶಿ ಬುಧವಾರ ರಾತ್ರಿಯೇ ನಾಲ್ಕೂ ಮನೆಗೆ ಮರುದಿನದ ಮೀನಿನ ಸಾರು ಮಾಡಿಟ್ಟು ಹೋಗುತ್ತಾರಂತೆ. ನಮ್ಮ ಮನೆಗೆ ಮಾತ್ರ ಬೇಳೆ ಸಾರು.