ಗಿಟಾರಿನ ಹೊಟ್ಟೆಗೆ ಬಿದ್ದ ಪಿಕ್

ಗಿಟಾರ್ ಇರುವ ಮನೆಯವರಿಗೆಲ್ಲ ಒಂದು ಸದ್ದು ಗೊತ್ತಿರುತ್ತದೆ. ಗೋಡೆಗೆ ಒರಗಿಸಿಟ್ಟ ವಾದ್ಯವನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಳ್ಳುವಾಗ ಒಳಗೆ 'ಸರ್' ಎಂದು ಏನೋ ಜಾರುತ್ತದೆ. ತಿಳಿಯದವರು ಹಲ್ಲಿ ಹೊಕ್ಕಿದೆ ಎಂದು ಗಾಬರಿಯಾಗುತ್ತಾರೆ. ಹಲ್ಲಿಯಲ್ಲ ಮಕ್ಕಳೇ, ಅದು ಪಿಕ್. ತಂತಿ ಮೀಟುವ ಆ ಮೂರು ಮೂಲೆಯ ಪ್ಲಾಸ್ಟಿಕ್ ಚೂರು ಬೆರಳಿನಿಂದ ಜಾರಿ, ತಂತಿಗಳ ಸಂದಿಯಲ್ಲಿ ತೂರಿ, ಹೊಟ್ಟೆಯೊಳಗೆ ಬಿದ್ದಿರುತ್ತದೆ. ಬೆಲೆ ನೋಡಿದರೆ ಒಂದೆರಡು ಕಪ್ ಚಹಾದಷ್ಟು. ಆದರೆ ಅದನ್ನು ತೆಗೆಯಲು ಹೋಗಿ ಸಾವಿರಾರು ರೂಪಾಯಿಯ ವಾದ್ಯವನ್ನೇ ಕೆಡಿಸಿಕೊಂಡವರನ್ನು ನಾನು ನೋಡಿದ್ದೇನೆ. ಅದಕ್ಕೇ ಈ ವಾರ ಇದೇ ವಿಷಯ.

ಔರಾದದಲ್ಲಿ ಗಿಟಾರೇ ಎಂದು ಕೇಳಬೇಡಿ. ಭಜನೆಗೆ ಹಾರ್ಮೋನಿಯಂ, ತಬಲಾ, ತಾಳ, ತತ್ವಪದಕ್ಕೆ ಏಕತಾರಿ. ಹಿಂದೆ ನಮ್ಮ ಕಡೆಯ ವಾದ್ಯಗಳೆಂದರೆ ಇಷ್ಟೇ. ಸಿತಾರ್ ಕೇಳಬೇಕೆಂದರೆ ಹುಮನಾಬಾದಿನ ಮಾಣಿಕನಗರಕ್ಕೆ ದತ್ತ ಜಯಂತಿಗೆ ಹೋಗಬೇಕಿತ್ತು. ಈಗ ಬೀದರ, ಭಾಲ್ಕಿ, ಔರಾದ ಮೂರೂ ಕಡೆ ಗಿಟಾರ್ ಕಾಣುತ್ತದೆ. ನಮ್ಮ ಜಿಲ್ಲೆಯಲ್ಲಿ ಮೆಥಡಿಸ್ಟ್ ಚರ್ಚುಗಳು ಬಹಳ; ಕ್ರಿಸ್ಮಸ್ ಹಾಡಿಗೆ ಹೊರಡುವ ಹುಡುಗರಲ್ಲಿ ಒಬ್ಬನ ಹೆಗಲಿಗಾದರೂ ಗಿಟಾರ್ ಇರುತ್ತದೆ. ಕಾಲೇಜು ಹುಡುಗರು ಮೊಬೈಲ್ ನೋಡಿಯೇ ಕಲಿಯುತ್ತಾರೆ. ಕಲಿಸುವ ಮಾಸ್ತರರು ಸಿಗುವುದು ಕಷ್ಟ, ರಿಪೇರಿ ಮಾಡುವವರು ಸಿಗುವುದು ಇನ್ನೂ ಕಷ್ಟ. ತಂತಿ ಹರಿದರೆ ಬೀದರಕ್ಕೆ, ಮರ ಬಿರಿದರೆ ಹೈದರಾಬಾದಿಗೆ ಓಡಬೇಕು. ಹೀಗಾಗಿ ಸಣ್ಣಪುಟ್ಟದ್ದನ್ನು ಮನೆಯಲ್ಲೇ ಮಾಡಿಕೊಳ್ಳುವುದು ಕಲಿಯಲೇಬೇಕು.

ಕಳೆದ ತಿಂಗಳು ನಮ್ಮ ಓಣಿಯ ಎಂಟನೇ ಇಯತ್ತೆಯ ಹುಡುಗಿಯೊಬ್ಬಳು ಚಾದರದಲ್ಲಿ ಸುತ್ತಿದ ಗಿಟಾರನ್ನು ಎದೆಗೆ ಅವುಚಿಕೊಂಡು ಬಂದಳು. ಹಿಂದೆಯೇ ಅವಳ ಅಪ್ಪ, ಕೈಯಲ್ಲಿ ಸ್ಕ್ರೂ ಡ್ರೈವರ್.

"ಕಾಕಾ, ಪಿಕ್ಕು ಒಳಗ ಬಿದ್ದಾದ್ರಿ. ಅಣ್ಣಂದು. ಐದ ದಿನದಾಗ ಗ್ಯಾದರಿಂಗ್ ಅದ, ಬಾರಿಸಿದ್ರ ಝರ್ ಅಂತ ಸಪ್ಪಳ ಬರ್ಲತ್ತದ."

ಅಣ್ಣ ಹೈದರಾಬಾದಿನಲ್ಲಿ ಕೆಲಸಕ್ಕೆ ಸೇರಿದ್ದಾನೆ. ಜೋಪಾನ ಎಂದು ಹೇಳಿ ಗಿಟಾರ್ ಬಿಟ್ಟುಹೋಗಿದ್ದ. ಅಪ್ಪನಿಗೆ ಈ ಗದ್ದಲ ಸಾಕಾಗಿತ್ತು. "ಹಿಂದಿನ ಹಲಗಿ ಬಿಚ್ಚಿ ತೆಗದ ಕೊಡ್ತೀನಿ ಅಂದ್ರ ಕೇಳವಲ್ಳು ನೋಡ್ರಿ" ಎಂದರು.

ಹಲಗೆ ಬಿಚ್ಚಲು ಅಲ್ಲಿ ಸ್ಕ್ರೂನೇ ಇಲ್ಲ. ಮೇಲಿನ ಹಲಗೆ, ಹಿಂದಿನ ಹಲಗೆ, ಬಾಗಿಸಿದ ಪಕ್ಕದ ಪಟ್ಟಿಗಳು ಎಲ್ಲವೂ ಅಂಟಿನಿಂದ ಕೂಡಿಸಿದವು. ಸ್ಕ್ರೂ ಡ್ರೈವರ್ ತೂರಿಸಿ ಎಬ್ಬಿಸಿದರೆ ಹಲಗೆ ಸೀಳುತ್ತದೆ, ಮತ್ತೆ ಕೂಡಿಸಲು ಆಗುವುದಿಲ್ಲ. ಅವರಿಗೆ ಕೂಡಲು ಹೇಳಿ ಚಹಾ ಕೊಟ್ಟೆವು.

ಗಿಟಾರಿನ ಒಳಗೆ ಏನಿದೆ ಎಂದು ಗೊತ್ತಿದ್ದರೆ ಪಿಕ್ ತೆಗೆಯುವುದು ಅರ್ಧ ಆದಂತೆ. ಮೇಲಿನ ಹಲಗೆಯ ದಪ್ಪ ಸುಮಾರು 3 ಮಿಲಿಮೀಟರ್, ಅಷ್ಟೇ. ಉಕ್ಕಿನ ಆರು ತಂತಿಗಳನ್ನು ಸ್ವರಕ್ಕೆ ಬಿಗಿದಾಗ ಅವೆಲ್ಲ ಸೇರಿ ಎಳೆಯುವ ಬಲ ಸುಮಾರು 70 ಕಿಲೋ ತೂಕಕ್ಕೆ ಸಮ. ಒಬ್ಬ ದೊಡ್ಡ ಮನುಷ್ಯ ಹಗಲೂ ರಾತ್ರಿ ಜೋತುಬಿದ್ದಂತೆ! ಅದನ್ನು ತಡೆಯಲು ಹಲಗೆಯ ಒಳಮೈಗೆ ಮರದ ಪಟ್ಟಿಗಳನ್ನು ಅಂಟಿಸಿರುತ್ತಾರೆ. ಉಕ್ಕಿನ ತಂತಿಯ ಗಿಟಾರಿನಲ್ಲಿ ಇವು ಸಾಮಾನ್ಯವಾಗಿ ಗುಣಾಕಾರದ ಚಿಹ್ನೆಯಂತೆ ಅಡ್ಡಡ್ಡ ಹಾಯುತ್ತವೆ. ಅಮೆರಿಕದ ಮಾರ್ಟಿನ್ ಕಂಪನಿ 1840ರ ದಶಕದಿಂದಲೇ ಹೀಗೆ ಮಾಡುತ್ತ ಬಂದಿದೆ. ಹಿಂದಿನ ಹಲಗೆಗೆ ಮೂರು ನಾಲ್ಕು ಪಟ್ಟಿಗಳು, ಏಣಿಯ ಮೆಟ್ಟಿಲಿನ ಹಾಗೆ.

ಈಗ ನೋಡಿ. ಪಿಕ್ ಬಿದ್ದ ಕೂಡಲೇ ಎಲ್ಲರೂ ಮಾಡುವುದೇನು? ಗಿಟಾರನ್ನು ಬೋರಲು ಹಿಡಿದು ಜೋಳ ಕೇರಿದ ಹಾಗೆ ಅಲ್ಲಾಡಿಸುವುದು. ಅದು ಬರುವುದಿಲ್ಲ. ಯಾಕೆಂದರೆ ಬೋರಲು ಹಿಡಿದಾಗ ಪಿಕ್ ಮೇಲಿನ ಹಲಗೆಯ ಒಳಮೈಯಲ್ಲಿ ಬಿದ್ದಿರುತ್ತದೆ. ಆ ತೂತಿನ ಸುತ್ತಲೂ ಪಟ್ಟಿಗಳ ಬೇಲಿಯೇ ಇದೆ. ಪಿಕ್ ಬೇಲಿಗೆ ಬಡಿದು ಬಡಿದು ಮತ್ತೆ ಮೂಲೆಗೇ ಹೋಗುತ್ತದೆ.

ಆದ್ದರಿಂದ ಮೊದಲು ತೂತು ಮೇಲಕ್ಕೆ ಇರುವಂತೆ ಗಿಟಾರನ್ನು ಮಲಗಿಸಿ ಹಿಡಿಯಿರಿ. ಮೊಬೈಲ್ ಟಾರ್ಚ್ ಹಾಕಿ ಪಿಕ್ ಎಲ್ಲಿದೆ ಹುಡುಕಿ. (ಕರೆಂಟ್ ಹೋಗಿದ್ದರೂ ಕಡ್ಡಿ ಗೀರಿ ನೋಡಬೇಡಿ. ಒಳಗಿರುವುದು ಒಣ ಮರ; ಪಿಕ್ ಸೆಲ್ಯುಲಾಯ್ಡ್‌ನದಾಗಿದ್ದರೆ ಭಗ್ಗೆಂದು ಹತ್ತಿಕೊಳ್ಳುವ ವಸ್ತು.) ಆಮೇಲೆ ಮೆಲ್ಲಗೆ ವಾಲಿಸುತ್ತ, ಕುಲುಕುತ್ತ ಪಿಕ್ಕನ್ನು ಹಿಂದಿನ ಹಲಗೆಯ ಮೇಲೆ ಸರಿಯಾಗಿ ತೂತಿನ ಕೆಳಗೆ ತನ್ನಿ. ಕಂಪನಿಯ ಹೆಸರಿನ ಚೀಟಿ ಅಂಟಿಸಿರುತ್ತಾರಲ್ಲ, ಅದೇ ಜಾಗ. ಎಡಬಲಕ್ಕೆ ಪಿಕ್ ಸಲೀಸಾಗಿ ಜಾರುತ್ತದೆ. ಉದ್ದಕ್ಕೆ ಬರಬೇಕಾದರೆ ಏಣಿಯ ಮೆಟ್ಟಿಲು ಹಾರಬೇಕು, ಅಲ್ಲಿ ತುಸು ಜೋರಾಗಿ ಕುಲುಕಬೇಕು. ಚೀಟಿಯ ಮೇಲೆ ಬಂತೋ, ಒಂದೇ ಬೀಸಿಗೆ ಗಿಟಾರನ್ನು ಬೋರಲು ಮಾಡಿ. ನಿಧಾನ ಮಾಡಿದರೆ ಮತ್ತೆ ಜಾರಿ ಹೋಗುತ್ತದೆ. ದೋಸೆ ಮಗುಚಿದ ಹಾಗೆ, ಫಟ್ ಎಂದು.

ಇದು ಇಬ್ಬರ ಕೆಲಸ. ತಂತಿ ತಂತಿಗೆ ನಡುವಿನ ಜಾಗ ಸುಮಾರು ಒಂದು ಸೆಂಟಿಮೀಟರ್, ಪಿಕ್ಕಿನ ಅಗಲ ಎರಡೂವರೆ. ಬೀಳುವಾಗ ಅಂಚಿನ ಮೇಲೆ ನಿಂತು ತೂರಿಹೋಯಿತು. ಬರುವಾಗ ಅಡ್ಡಡ್ಡ ಬಂದು ತಂತಿಯ ಮೇಲೆ ಕೂತುಬಿಡುತ್ತದೆ. ಒಬ್ಬರು ಗಿಟಾರ್ ಎತ್ತಿ ಹಿಡಿದರೆ ಇನ್ನೊಬ್ಬರು ಕೆಳಗೆ ಕೂತು ನಡುವಿನ ಎರಡು ತಂತಿಗಳನ್ನು ಬೆರಳಿನಿಂದ ಅಗಲಿಸಬೇಕು. ಆ ದಿನ ಅಪ್ಪ ಎತ್ತಿ ಹಿಡಿದರು, ಮಗಳು ಕೆಳಗೆ ಕೂತಳು. ಮೂರನೇ ಸಲಕ್ಕೆ ಕೆಂಪು ಪಿಕ್ ಅವಳ ಉಡಿಗೆ ಬಿತ್ತು.

ಅದರ ಹಿಂದೆಯೇ ಇನ್ನೊಂದು, ನೀಲಿ. ಇನ್ನೊಮ್ಮೆ ಕುಲುಕಿದರೆ ಮತ್ತೊಂದು, ಆಮೆಚಿಪ್ಪಿನ ಮಚ್ಚೆಯಿದ್ದ ಹಳದಿ ಪಿಕ್. "ಮೂರು ಅವ ಕಾಕಾ!" ಎಂದು ಕುಣಿದಳು.

ಎಷ್ಟು ಕುಲುಕಿದರೂ ಬಾರದೆ ಅಂಟಿಕೊಳ್ಳುವ ಪಿಕ್ಕುಗಳೂ ಇವೆ. ಚಳಿಗಾಲದ ಒಣ ಹವೆಯಲ್ಲಿ ಬಾಚಣಿಗೆಗೆ ಕಾಗದದ ಚೂರು ಅಂಟುವ ಆಟ ಆಡಿದ್ದೀರಲ್ಲ, ಹಾಗೆಯೇ ಪ್ಲಾಸ್ಟಿಕ್ ಪಿಕ್ ಕೂಡ ಮರಕ್ಕೆ ಅಂಟಿ ಕೂರುತ್ತದೆ. ಆಗ ಕಸಬರಿಗೆಯ ಗಟ್ಟಿ ಕಡ್ಡಿಯ ತುದಿಗೆ ಟೇಪನ್ನು ಅಂಟು ಹೊರಗೆ ಬರುವಂತೆ ಸುತ್ತಿ, ತೂತಿನೊಳಗೆ ಬಿಟ್ಟು ಒತ್ತಿ ತೆಗೆಯಬಹುದು. ಕಣಕದ ಉಂಡೆ, ಚ್ಯೂಯಿಂಗ್ ಗಮ್ ಬೇಡ; ಒಳಗೆ ಉಳಿದರೆ ಇರುವೆ ಬರುತ್ತದೆ. ಅಯಸ್ಕಾಂತ ಕಟ್ಟಿ ಇಳಿಬಿಡುವವರೂ ಇದ್ದಾರೆ. ಪ್ಲಾಸ್ಟಿಕ್ಕಿಗೆ ಅದು ಎಲ್ಲಿ ಹಿಡಿದೀತು? ಒಂದು ರೂಪಾಯಿಯ ಉಕ್ಕಿನ ನಾಣ್ಯ ಬಿದ್ದಿದ್ದರೆ ಮಾತ್ರ ಹಿಡಿಯುತ್ತದೆ, ಬೇಕಾದರೆ ಮನೆಯಲ್ಲಿ ಪರೀಕ್ಷೆ ಮಾಡಿ. ನಾಣ್ಯಕ್ಕೂ ಗಿಟಾರಿಗೂ ಏನು ಸಂಬಂಧ ಅನ್ನಬೇಡಿ. ಕ್ವೀನ್ ತಂಡದ ಬ್ರಯಾನ್ ಮೇ ಎಂಬ ದೊಡ್ಡ ಕಲಾವಿದರು ಪಿಕ್ ಬದಲು ಇಂಗ್ಲೆಂಡಿನ ಹಳೆಯ ಆರು ಪೆನ್ಸ್ ನಾಣ್ಯದಿಂದಲೇ ನುಡಿಸುತ್ತಾರೆ.

ಪಿಕ್ಕೇನೋ ಬಂತು. ನುಡಿಸಿ ನೋಡಿದರೆ 'ಝರ್' ಹಾಗೇ ಇತ್ತು. ಹುಡುಗಿಯ ಮುಖ ಸಣ್ಣದಾಯಿತು. "ಇದು ಕೆಟ್ಟೇ ಹೋಗ್ಯಾದ, ಮಾರಿ ಬಿಡೋಣ" ಎಂದರು ಅಪ್ಪ.

ಪಿಕ್ಕಿನ ಗುಲ್ಲಿನಲ್ಲಿ ನಿಜವಾದ ರೋಗ ಮರೆಯಾಗಿತ್ತು. ಮೇಲಿನ ಹಲಗೆಯನ್ನು ಬೆರಳ ಗೆಣ್ಣಿನಿಂದ ಅಲ್ಲಲ್ಲಿ ತಟ್ಟುತ್ತ ಬಂದೆ. ಎಲ್ಲ ಕಡೆ 'ಟಕ್' ಎನ್ನುತ್ತಿದ್ದ ಹಲಗೆ ಒಂದು ಕಡೆ ಮಾತ್ರ ಒಡಕು ಗಡಿಗೆಯ ಹಾಗೆ 'ಪಟಪಟ' ಎಂದಿತು. ತಂತಿ ಸಡಿಲಿಸಿ, ಸಣ್ಣ ಕನ್ನಡಿಯೊಂದನ್ನು ತೂತಿನಲ್ಲಿ ಇಳಿಸಿ, ಟಾರ್ಚ್ ಬಿಟ್ಟು ನೋಡಿದೆವು. ಒಂದು ಪಟ್ಟಿಯ ತುದಿ ಹಲಗೆಯಿಂದ ಕೂದಲೆಳೆಯಷ್ಟು ಬಿಟ್ಟುಕೊಂಡಿತ್ತು. ದಪ್ಪ ತಂತಿ ಮೀಟಿದಾಗ ಅದೇ ನಡುಗುತ್ತಿತ್ತು.

"ಬ್ಯಾಸಗಿಯಾಗ ಇದನ್ನ ಎಲ್ಲಿ ಇಟ್ಟಿದ್ರಿ?"

"ಅಟ್ಟದ ಮ್ಯಾಲ್ರಿ, ಪತ್ರಾದ ಕೆಳಗ."

ನಮ್ಮೂರಿನ ಮೇ ತಿಂಗಳು ನಿಮಗೆ ಗೊತ್ತೇ ಇದೆ. ಹೊರಗೆ 40 ಡಿಗ್ರಿ ದಾಟಿದಾಗ ತಗಡಿನ ಪತ್ರಾದ ಕೆಳಗೆ ಇನ್ನೂ ಎಷ್ಟೋ ಹೆಚ್ಚು. ಬಿಸಿಗೆ ಅಂಟು ಮೆತ್ತಗಾಗುತ್ತದೆ, ತಂತಿಯ ಎಳೆತ ಮಾತ್ರ ಹಾಗೇ ಇರುತ್ತದೆ. ಇನ್ನೊಂದು ಬೇಸಿಗೆ ಕಳೆದಿದ್ದರೆ ಹಲಗೆ ಉಬ್ಬಿ ವಾದ್ಯವೇ ಹೋಗುತ್ತಿತ್ತು. ಬೇಸಿಗೆಯಲ್ಲಿ ಗಿಟಾರ್ ಇಡಬೇಕಾದ್ದು ಮನೆಯ ತಂಪಾದ ಒಳಕೋಣೆಯಲ್ಲಿ. ತಿಂಗಳುಗಟ್ಟಲೆ ನುಡಿಸದಿದ್ದರೆ ತಂತಿಗಳನ್ನು ಒಂದೆರಡು ಸುತ್ತು ಸಡಿಲಿಸಿ.

ನಮ್ಮ ಓಣಿಯ ಬಡಿಗೇರರು ತಂತಿಗಳನ್ನೆಲ್ಲ ತೆಗೆದು, ತೆಳ್ಳನೆಯ ಕಾಗದದ ತುದಿಯಿಂದ ಆ ಸಂದಿಗೆ ಮರದ ಅಂಟು ತುಂಬಿ, ಹಿಂದಿನ ಹಲಗೆಗೂ ಪಟ್ಟಿಗೂ ನಡುವೆ ಬಟ್ಟೆ ಸುತ್ತಿದ ಬಿದಿರು ತುಂಡನ್ನು ಹದವಾಗಿ ಆನಿಸಿ ನಿಲ್ಲಿಸಿದರು. ಒಂದು ಹಗಲು ಒಂದು ರಾತ್ರಿ ಮುಟ್ಟಬಾರದು ಎಂದರು. ಇದನ್ನು ಮಾತ್ರ ಮಕ್ಕಳು ತಾವೇ ಮಾಡಲು ಹೋಗಬೇಡಿ.

ಕಾಯುವ ಆ ದಿನ ಹುಡುಗಿ ಮಚ್ಚೆಯ ಪಿಕ್ಕನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ಇದು ನಿಜವಾದ ಆಮೆಚಿಪ್ಪೇ ಎಂದು ಕೇಳಿದಳು. ಹಿಂದೆ ನಿಜವಾಗಿಯೂ ಹಾಕ್ಸ್‌ಬಿಲ್ ಎಂಬ ಕಡಲಾಮೆಯ ಚಿಪ್ಪಿನಿಂದ ಪಿಕ್ ಮಾಡುತ್ತಿದ್ದರು. 1922ರಲ್ಲಿ ನ್ಯೂಯಾರ್ಕಿನ ಲುಯಿಜಿ ಡಿ'ಆಂಡ್ರಿಯಾ ಸೆಲ್ಯುಲಾಯ್ಡ್ ಹಾಳೆಯಿಂದ ಪಿಕ್ ಕತ್ತರಿಸಿ ಮಾರಲು ಶುರುಮಾಡಿದರು. ಆಮೆಗಳು ಅಳಿಯುತ್ತ ಬಂದು, 1970ರ ದಶಕದಲ್ಲಿ ಆ ಚಿಪ್ಪಿನ ಅಂತರರಾಷ್ಟ್ರೀಯ ವ್ಯಾಪಾರವನ್ನೇ ನಿಷೇಧಿಸಲಾಯಿತು. ಚಿಪ್ಪು ಹೋದರೂ ಅದರ ಮಚ್ಚೆ ಪ್ಲಾಸ್ಟಿಕ್ಕಿನ ಮೇಲೆ ಉಳಿದುಕೊಂಡಿದೆ. ನಮ್ಮ ಸರೋದಿನವರು ತೆಂಗಿನ ಚಿಪ್ಪಿನ 'ಜವಾ' ಹಿಡಿಯುತ್ತಾರೆ. ಸಿತಾರಿನವರು ತಂತಿಯ ಮಿಜ್ರಾಬನ್ನು ಉಂಗುರದ ಹಾಗೆ ಬೆರಳಿಗೇ ತೊಡುತ್ತಾರೆ, ಜಾರುವ ಚಿಂತೆಯೇ ಇಲ್ಲ. ಜಾರಿದರೂ ಬೀಳಲು ಸಿತಾರಿನ ಸೋರೆಬುರುಡೆಗೆ ಗಿಟಾರಿನಂಥ ತೂತಿಲ್ಲ!

ಗಿಟಾರಿಗೆ ಆ ತೂತು ಯಾಕೆ ಬೇಕು? ತಂತಿ ಮೀಟಿ, ಅಂಗೈಯಿಂದ ತೂತು ಮುಚ್ಚಿ ನೋಡಿ. ದಪ್ಪ ಸ್ವರಗಳು ಕುಗ್ಗುತ್ತವೆ. ಬಾಟಲಿಯ ಬಾಯಿಗೆ ಊದಿದರೆ ಒಳಗಿನ ಗಾಳಿ ಗುಂಯ್ ಎನ್ನುವಂತೆ ಪೆಟ್ಟಿಗೆಯ ಗಾಳಿಯೂ ಆ ಬಾಯಿಯಿಂದ ಉಸಿರಾಡುತ್ತದೆ. ಅದಕ್ಕೇ ಅದನ್ನು ಶಾಶ್ವತವಾಗಿ ಮುಚ್ಚುವ ಹಾಗಿಲ್ಲ. ನುಡಿಸಿ ಮುಗಿದ ಮೇಲೆ ಪಿಕ್ಕನ್ನು ಕತ್ತಿನ ಮೇಲುಗಡೆ, ಬಿರಡೆಗಳ ಹತ್ತಿರ, ತಂತಿಗಳ ನಡುವೆ ಸಿಕ್ಕಿಸಿಡುವುದೇ ಒಳ್ಳೆಯ ರೂಢಿ. ಕೈ ಬೆವರುವವರು ಪಿಕ್ಕಿನ ಮೈಯನ್ನು ಮರಳು ಕಾಗದದಿಂದ ತುಸು ಉಜ್ಜಿ ಒರಟು ಮಾಡಿಕೊಳ್ಳಬಹುದು, ತುದಿಯನ್ನಲ್ಲ.

ಗ್ಯಾದರಿಂಗಿನಲ್ಲಿ ಅವಳ ಹಾಡು ಆಯಿತು, 'ಝರ್' ಇರಲಿಲ್ಲ. ಅಪ್ಪ ಮುಂದಿನ ಸಾಲಿನಲ್ಲೇ ಕೂತಿದ್ದರು. ಅಂದು ರಾತ್ರಿ ಅಣ್ಣನಿಗೆ ಫೋನ್ ಮಾಡಿ ಮೂರು ಪಿಕ್ ಸಿಕ್ಕವು ಎಂದು ಹೇಳಿದಳಂತೆ. ಕೆಂಪು ನಂದು, ನೀಲಿ ನಂದು, ಕಾಲೇಜಿನಲ್ಲಿದ್ದಾಗ ಬಿದ್ದದ್ದು ಎಂದನಂತೆ ಅವನು. ಮಚ್ಚೆಯದು ಅವನದಲ್ಲ. ಗಿಟಾರನ್ನು ಅವನು ಬೀದರದಲ್ಲಿ ಯಾರೋ ಬಳಸಿದ್ದನ್ನು ಕೊಂಡಿದ್ದ. ಅವರು ಯಾರೆಂದು ಈಗ ನೆನಪಿಲ್ಲ. ಹುಡುಗಿ ಈಗ ಆ ಪಿಕ್ಕಿನಿಂದಲೇ ನುಡಿಸುತ್ತಾಳೆ.