ಬಿಚ್ಚಲು ಬಂದರೇ ಗಟ್ಟಿ

ಬಿದ್ದರೂ ನೆನೆದರೂ ತಡೆಯುವ ಗಟ್ಟಿ ಲ್ಯಾಪ್‌ಟಾಪಿಗೆ ಲಕ್ಷದ ಮೇಲೆ ಬೆಲೆ. ಪಹಣಿ, ಪೇಟೆಧಾರಣೆ ನೋಡುವ ಸಣ್ಣ ರೈತನಿಗೆ ಅದ್ಯಾಕೆ? ಹಳೆಯದನ್ನೇ ಗಟ್ಟಿ ಮಾಡಿಕೊಳ್ಳಬಹುದು.

ನಮ್ಮ ಬಯಲುಸೀಮೆಯಲ್ಲಿ ಧೂಳಿನ ಕಾಟ. ಮಗಳಿರುವ ತೊಕ್ಕೊಟ್ಟಿನಲ್ಲಿ ಉಪ್ಪುಗಾಳಿ, ಮಳೆಗಾಲದ ತೇವ. ತಿರುಗುವ ಹಾರ್ಡ್‌ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಿ, ಕುಲುಕಾಟ ತಡೀತದೆ. ಆಫ್ ಮಾಡಿ, ಫ್ಯಾನಿನ ಧೂಳನ್ನು ಮೆತ್ತನೆ ಬ್ರಷ್‌ನಿಂದ ತೆಗೆಯಿರಿ. ಮಳೆಗಾಲದಲ್ಲಿ ಕೆಲಸ ಮುಗಿದು ಬಿಸಿ ಆರಿದ ಮೇಲೆ, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ.

ಆದರೆ ಅಂಟು ಹಾಕಿ ಮುಚ್ಚಿದ ಯಂತ್ರವನ್ನು ಬಿಚ್ಚುವುದು ಹೇಗೆ? 2022ರ ಜುಲೈಯಲ್ಲಿ ಕೇಂದ್ರ ಸರಕಾರ ರಿಪೇರಿಯ ಹಕ್ಕಿಗಾಗಿ ಸಮಿತಿ ಮಾಡಿತು. ಕೃಷಿ ಯಂತ್ರಗಳೂ ಅದರ ವ್ಯಾಪ್ತಿಯಲ್ಲಿದ್ದವು. ನಾವೂ ಕೊಳ್ಳುವ ಮುಂಚೆ ಕೇಳೋಣ: ಸ್ಕ್ರೂ ಬಿಚ್ಚಲು ಬರ್ತದಾ? ಬ್ಯಾಟರಿ ಬೇರೆ ಸಿಗ್ತದಾ? ಇಲ್ಲವೆಂದರೆ, ಬೇಡ.