ರೆಸಿಡೆನ್ಸಿ ಸಂದರ್ಶನಕ್ಕೆ ಎಂಥ ತಯಾರಿ?
ನಮ್ಮಲ್ಲಿ ಎಂಬಿಬಿಎಸ್ ಮುಗಿಸಿದವರಿಗೆ ಪಿಜಿ ಸೀಟು ಕೊಡಿಸುವುದು ಮುಖ್ಯವಾಗಿ ನೀಟ್-ಪಿಜಿ ರ‍್ಯಾಂಕ್. ಸಂದರ್ಶನದ ಪ್ರಶ್ನೆಯೇ ಇಲ್ಲ. ಹಾಗಾಗಿ ಅಮೆರಿಕದ ರೆಸಿಡೆನ್ಸಿಗೆ (ಅಲ್ಲಿನ ಸ್ನಾತಕೋತ್ತರ ವೈದ್ಯ ತರಬೇತಿಗೆ) ಅರ್ಜಿ ಹಾಕುವ ಕರ್ನಾಟಕದ ಯುವ ವೈದ್ಯರು ಸಂದರ್ಶನವನ್ನೂ ಇನ್ನೊಂದು ಪರೀಕ್ಷೆಯೆಂದೇ ಭಾವಿಸಿ ಸಿದ್ಧ ಉತ್ತರಗಳನ್ನು ಉರುಹೊಡೆಯುವುದು ಸಹಜ. ಆ ತಯಾರಿ ಅವರ ಕೈಹಿಡಿಯದು ಎಂಬುದು ನನ್ನ ವಾದ. 2022ರ ಜನವರಿಯಿಂದ ಅಮೆರಿಕದ ವೈದ್ಯಕೀಯ ಪರವಾನಗಿ ಪರೀಕ್ಷೆಯಾದ ಯುಎಸ್‌ಎಂಎಲ್‌ಇ ಮೊದಲ ಹಂತಕ್ಕೆ ಅಂಕವಿಲ್ಲ, ಪಾಸು-ಫೇಲು ಮಾತ್ರ. ಅಭ್ಯರ್ಥಿಗಳನ್ನು ಅಳೆಯುತ್ತಿದ್ದ ದೊಡ್ಡದೊಂದು ಸಂಖ್ಯೆ ಇಲ್ಲವಾಯಿತು. ಆಸ್ಪತ್ರೆಗಳು ಅಭ್ಯರ್ಥಿಗಳ ಆದ್ಯತಾ ಪಟ್ಟಿ ಸಲ್ಲಿಸುವುದು ಸಂದರ್ಶನಗಳಾದ ಮೇಲೆ. ಈ ವ್ಯಕ್ತಿಯ ಜೊತೆ ವರ್ಷಗಟ್ಟಲೆ ರಾತ್ರಿಪಾಳಿ ಮಾಡಬಹುದೇ ಎಂಬುದೂ ಅಲ್ಲಿ ತೂಗಿ ನೋಡುವ ಸಂಗತಿ. ಅದಕ್ಕೇ ‘ನಿಮ್ಮಿಂದಾದ ತಪ್ಪೊಂದನ್ನು ಹೇಳಿ’, ‘ಹಿರಿಯರ ನಿರ್ಧಾರ ಒಪ್ಪದಿದ್ದಾಗ ಏನು ಮಾಡಿದಿರಿ’ ಎಂಬಂಥ ಪ್ರಶ್ನೆಗಳು. ಉರುಹೊಡೆದ ಉತ್ತರ ಎರಡನೆಯ ಉಪಪ್ರಶ್ನೆಗೇ ಕುಸಿಯುತ್ತದೆ: ರೋಗಿಯ ಮನೆಯವರಿಗೆ ಹೇಗೆ ತಿಳಿಸಿದಿರಿ, ಮರುದಿನ ನಿಮ್ಮ ಕೆಲಸದಲ್ಲಿ ಏನು ಬದಲಾಯಿತು? ಜಿಲ್ಲಾಸ್ಪತ್ರೆಯ ಕಿಕ್ಕಿರಿದ ವಾರ್ಡುಗಳಲ್ಲಿ ಹೌಸ್‌ಸರ್ಜನ್ಸಿ ಮಾಡಿದವರ ಬಳಿ ಇದಕ್ಕೆ ನಿಜದ ಉತ್ತರಗಳು ಧಾರಾಳವಾಗಿವೆ; ಅಂಥ ಏಳೆಂಟು ಪ್ರಸಂಗಗಳನ್ನು ವಿವರ ಸಮೇತ ನೆನೆದು ಬರೆದಿಟ್ಟುಕೊಳ್ಳುವುದೇ ಮುಖ್ಯ ಸಿದ್ಧತೆ. ಇಂಗ್ಲಿಷ್ ಮನೆಮಾತಲ್ಲದವರಿಗೆ ಬಾಯಿಪಾಠವೇ ಆಸರೆಯಲ್ಲವೇ ಎಂದು ಕೇಳಬಹುದು. ಆತಂಕ ನ್ಯಾಯವಾದದ್ದೇ. 2020ರ ನಂತರ ಸಂದರ್ಶನಗಳು ಹೆಚ್ಚಾಗಿ ಆನ್‌ಲೈನ್ ಆಗಿರುವುದರಿಂದ ಕ್ಯಾಮೆರಾ ಮುಂದೆ, ಗೆಳೆಯರೆದುರು ಗಟ್ಟಿಯಾಗಿ ಮಾತಾಡಿ ರೂಢಿಸಿಕೊಳ್ಳಲೇಬೇಕು. ಆದರೆ ಒಂದೇ ಪ್ರಸಂಗವನ್ನು ಪ್ರತಿ ಸಲವೂ ಬೇರೆ ವಾಕ್ಯಗಳಲ್ಲಿ ಹೇಳಲಿ, ಆಗ ನಡುವೆ ತಡೆದು ಕೇಳಿದರೂ ಮಾತು ತಡವರಿಸುವುದಿಲ್ಲ. ರೋಗಿಯ ಹೆಸರು ಮಾತ್ರ ಎಲ್ಲಿಯೂ ಬಾರದಿರಲಿ.